ಎರಡು ಪತ್ರಗಳ ನಡುವೆ: ವಿದ್ಯಾರ್ಥಿವೇತನವೋ, ದುಬಾರಿ ವಿದ್ಯಾಪೀಠವೋ?

(ಮುಂಬಯಿಯಲ್ಲಿ ಜರುಗಿದ ಸಂಘದ ವಾರ್ಷಿಕ ವಿದ್ಯಾರ್ಥಿವೇತನ ವಿತರಣ ಸಮಾರಂಭದಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಮಾಡಿದ ಉಪನ್ಯಾಸದ ಪಾಠ)



ಇಂಥ ಸಮಾರಂಭದಲ್ಲಿ ಅತಿಥಿಯಾದವನು ವಿದ್ಯೆಯ ಮಹಿಮೆಯನ್ನು ಕೊಂಡಾಡಿ, ಹಿರಿಯರ ತ್ಯಾಗವನ್ನು ಸ್ಮರಿಸಿ, ಮಕ್ಕಳಿಗೆ ಶುಭ ಕೋರಿ ಕುಳಿತುಕೊಳ್ಳುವುದು ವಾಡಿಕೆ. ಆ ವಾಡಿಕೆಯನ್ನು ಇಂದು ಸ್ವಲ್ಪ ಮುರಿಯಬೇಕಾಗಿದೆ. ಏಕೆಂದರೆ ಕಳೆದ ತಿಂಗಳು ನಮ್ಮವರೇ ಆದ ಒಬ್ಬ ಹೋಟೆಲ್ ಉದ್ಯೋಗಿ ತಮ್ಮ ಮಗಳನ್ನು ಕರೆದುಕೊಂಡು ನನ್ನ ಮನೆಗೆ ಬಂದು, ಎರಡು ಪತ್ರಗಳನ್ನು ಮೇಜಿನ ಮೇಲಿಟ್ಟು, ಒಂದು ಪ್ರಶ್ನೆ ಕೇಳಿದರು. ಆ ಪ್ರಶ್ನೆಗೆ ಉತ್ತರ ಕೊಡಲು ನನಗೆ ಮೂರು ವಾರ ಬೇಕಾಯಿತು. ಆ ಮೂರು ವಾರಗಳ ವಿಚಾರವನ್ನೇ, ಅವರ ಅನುಮತಿ ಪಡೆದು, ಹೆಸರು ಹೇಳದೆ, ನಿಮ್ಮ ಮುಂದಿಡುತ್ತೇನೆ.

ಹುಡುಗಿ ಮುಂಬಯಿಯಲ್ಲೇ ಬಿ.ಕಾಂ. ಮುಗಿಸಿದವಳು. ವ್ಯವಹಾರ ನಿರ್ವಹಣೆಯ ಸ್ನಾತಕೋತ್ತರ ಪದವಿಗೆ, ಅಂದರೆ ನಾವೆಲ್ಲ ಎಂ.ಬಿ.ಎ. ಎಂದು ಕರೆಯುವ ಓದಿಗೆ, ಅವಳಿಗೆ ಎರಡು ಕಡೆ ಸ್ಥಳ ದೊರೆತಿದೆ. ಮೊದಲನೆಯ ಪತ್ರ ಬಹಳ ಹೆಸರುಳ್ಳ ಡೀಮ್ಡ್ ವಿಶ್ವವಿದ್ಯಾಲಯವೊಂದರದು. ಎರಡು ವರ್ಷದ ಶುಲ್ಕ 18 ಲಕ್ಷ ರೂಪಾಯಿ. ಹಾಸ್ಟೆಲು, ಊಟ ಸೇರಿದರೆ 20 ಲಕ್ಷ. ಎರಡನೆಯದು ಕರ್ನಾಟಕದ ಕರಾವಳಿಯ ಒಂದು ಸಾಧಾರಣ ಸಂಸ್ಥೆಯದು. ಬೋಧನಾ ಶುಲ್ಕ ಪೂರ್ತಿ ಮಾಫಿ. ವಸತಿ, ಊಟಕ್ಕೆ ಎರಡು ವರ್ಷದಲ್ಲಿ ಸುಮಾರು 3 ಲಕ್ಷ. ತಂದೆಗೆ ಡೊಂಬಿವಲಿಯಲ್ಲಿ ಒಂದು ಕೋಣೆ, ಅಡುಗೆಮನೆಯ ಸ್ವಂತ ಬಿಡಾರವಿದೆ. ಮೂವತ್ತು ವರ್ಷ ದುಡಿದು ಕಂಡ ಆಸ್ತಿ ಅದೊಂದೇ.

"ಅಣ್ಣಾ, ನೀವು ಬ್ಯಾಂಕಿನವರು. ನೀವು ಹೇಳಿದಲ್ಲಿ ನಾನು ಸಹಿ ಹಾಕುವವ" ಎಂದರು ಅವರು.

ಈ ಮಾತು ನನ್ನನ್ನು ಬೆಚ್ಚಿಬೀಳಿಸಿತು. ಏಕೆ ಎಂಬುದನ್ನು ಹೇಳಲು ನಾನು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು 1967ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಕುಂದಾಪುರದ ಕಡೆಯಿಂದ ಈ ನಗರಕ್ಕೆ ಬಂದೆ. ಹಗಲು ಫೋರ್ಟಿನ ಹೋಟೆಲಿನಲ್ಲಿ ಕೆಲಸ, ಸಂಜೆ ಕನ್ನಡ ರಾತ್ರಿಶಾಲೆ. ಇಲ್ಲಿ ಕುಳಿತಿರುವ ಹಿರಿಯರಲ್ಲಿ ಅನೇಕರು ಅದೇ ದಾರಿಯಲ್ಲಿ ನಡೆದು ಬಂದವರು. ನಮಗೆ ಯಾವ ಕಾಲೇಜು ಒಳ್ಳೆಯದು ಎಂಬ ಪ್ರಶ್ನೆಯೇ ಇರಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುನ್ನ ಪಾಠ ಮುಗಿಸುವ ಕಾಲೇಜು ಯಾವುದು ಎಂಬುದಷ್ಟೇ ಪ್ರಶ್ನೆ. ಬಿ.ಕಾಂ. ಮುಗಿಸಿ, ಗುಮಾಸ್ತನಾಗಿ ಬ್ಯಾಂಕ್ ಸೇರಿ, ಮ್ಯಾನೇಜರನಾಗಿ 2013ರಲ್ಲಿ ನಿವೃತ್ತನಾದೆ. ಭಾರತೀಯ ಬ್ಯಾಂಕುಗಳ ಸಂಘವು 2001ರಲ್ಲಿ ರೂಪಿಸಿದ ಮಾದರಿ ಶಿಕ್ಷಣ ಸಾಲ ಯೋಜನೆ ಜಾರಿಗೆ ಬಂದ ಮೇಲೆ ನನ್ನ ಶಾಖೆಯಲ್ಲಿ ಎಷ್ಟೋ ಮಕ್ಕಳಿಗೆ ಸಾಲ ಮಂಜೂರು ಮಾಡಿದ್ದೇನೆ. ಅದನ್ನೊಂದು ಪುಣ್ಯಕಾರ್ಯವೆಂದೇ ಭಾವಿಸಿದ್ದೆ.

ಆ ಸಾಲಗಳಲ್ಲಿ ಒಂದನ್ನು ನಾನು ಮರೆತಿಲ್ಲ. 2007ರಲ್ಲಿ ನಮ್ಮ ಕಡೆಯ ಹುಡುಗನೊಬ್ಬ ಖಾಸಗಿ ಸಂಸ್ಥೆಯೊಂದರಲ್ಲಿ ಎಂ.ಬಿ.ಎ. ಸೇರಲು 7 ಲಕ್ಷ ರೂಪಾಯಿ ಸಾಲ ಕೇಳಿದ. ಸೋದರಮಾವ ಜಾಮೀನು ನಿಂತರು. ಕಾಗದಪತ್ರ ಸರಿಯಾಗಿತ್ತು, ಸಹಿ ಮಾಡಿದೆ. ಅವನು ಓದು ಮುಗಿಸಿ ಹೊರಬಂದದ್ದು 2009ರಲ್ಲಿ. 2008ರಲ್ಲಿ ಅಮೆರಿಕದ ಹಣಕಾಸು ಸಂಸ್ಥೆಗಳು ಕುಸಿದ ಪರಿಣಾಮವಾಗಿ ಇಲ್ಲಿಯೂ ಕಂಪನಿಗಳು ಹೊಸಬರನ್ನು ತೆಗೆದುಕೊಳ್ಳಲು ಹಿಂದೇಟು ಹಾಕುತ್ತಿದ್ದ ಕಾಲವದು. ಅವನಿಗೆ ಸಿಕ್ಕ ಕೆಲಸದ ಸಂಬಳ ತಿಂಗಳಿಗೆ 18,000 ರೂಪಾಯಿ. ಓದಿನ ಅವಧಿಯ ಬಡ್ಡಿ ಸೇರಿ 9 ಲಕ್ಷ ದಾಟಿದ್ದ ಸಾಲದ ಮಾಸಿಕ ಕಂತು ಸುಮಾರು 16,000. ಉಳಿದ 2,000ದಲ್ಲಿ ಮುಂಬಯಿಯಲ್ಲಿ ಬದುಕುವುದು ಹೇಗೆಂಬುದನ್ನು ನಿಮಗೆ ನಾನು ವಿವರಿಸಬೇಕಿಲ್ಲ. ತಾಯಿಯ ಬಂಗಾರ ಮಾರಿದರು. ಮಾವ ಎರಡು ವರ್ಷ ಕಂತು ಹಂಚಿಕೊಂಡರು. ಊರಿಗೆ ಮರಳಿ ಗೇರುಬೀಜದ ಸ್ವಂತ ವ್ಯಾಪಾರ ಮಾಡಬೇಕೆಂಬುದು ಆ ಹುಡುಗನ ಆಸೆಯಾಗಿತ್ತು, ಎಂ.ಬಿ.ಎ. ಓದಿದ್ದೇ ಅದಕ್ಕಾಗಿ. ಆದರೆ ಕಂತಿನ ದಿನ ತಪ್ಪಬಾರದೆಂದು ಒಂದು ಇಷ್ಟವಿಲ್ಲದ ನೌಕರಿಯಿಂದ ಇನ್ನೊಂದು ಇಷ್ಟವಿಲ್ಲದ ನೌಕರಿಗೆ ಏಳು ವರ್ಷ ಸಾಗಿದ. 2017ರಲ್ಲಿ ಸಾಲ ತೀರಿಸಿ ಸಿಹಿಯ ಪೊಟ್ಟಣ ಹಿಡಿದು ನನ್ನ ಮನೆಗೆ ಬಂದ. "ಸರ್, ಮುಗಿಯಿತು" ಎಂದ. ಊರಿನ ವ್ಯಾಪಾರದ ವಿಷಯ ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಬ್ಯಾಂಕಿನ ಪುಸ್ತಕದಲ್ಲಿ ಅದು ಉತ್ತಮ ಸಾಲ. ಒಂದು ಕಂತೂ ತಪ್ಪಿಲ್ಲ. ಆದರೆ ಆ ಸಾಲಕ್ಕಾಗಿ ಅವನು ತೆತ್ತದ್ದೇನು ಎಂಬುದನ್ನು ಬರೆದಿಡುವ ಅಂಕಣ ನಮ್ಮ ಪುಸ್ತಕದಲ್ಲಿ ಇರಲಿಲ್ಲ.

ಹಾಗಾದರೆ ವಿದ್ಯಾರ್ಥಿವೇತನ ಕೊಡುವ ಸಂಸ್ಥೆಯೇ ಸದಾ ಮೇಲು ಎನ್ನೋಣವೆ? ಅದಕ್ಕೂ ನನ್ನಲ್ಲಿ ಧೈರ್ಯವಿಲ್ಲ. ನನ್ನ ಸ್ವಂತ ಮಗಳಿಗೆ 2005ರಲ್ಲಿ ಇದೇ ಬಗೆಯ ಎರಡು ಪತ್ರಗಳು ಬಂದಿದ್ದವು. ಅವಳಿಗೆ ಹೆಸರುವಾಸಿ ಸಂಸ್ಥೆಗೆ ಹೋಗುವ ಮನಸ್ಸಿತ್ತು. ನಾನು ಕೂಡಿಸಿ ಕಳೆದು, ವಿದ್ಯಾರ್ಥಿವೇತನದ ಕಡೆಗೇ ಹೋಗುವಂತೆ ಒತ್ತಾಯಿಸಿದೆ. ಅವಳು ಮರುಮಾತಾಡದೆ ಹೋದಳು. ಎರಡನೆಯ ವರ್ಷ ಕಾಮಾಲೆಯಾಗಿ ಒಂದೂವರೆ ತಿಂಗಳು ಹಾಸಿಗೆ ಹಿಡಿದಳು, ಅಂಕಗಳು ನಿಗದಿತ ಮಟ್ಟಕ್ಕಿಂತ ತುಸು ಕೆಳಗಿಳಿದವು, ವಿದ್ಯಾರ್ಥಿವೇತನ ರದ್ದಾಯಿತು. ಪೂರ್ತಿ ಶುಲ್ಕ ಕಟ್ಟಿದೆ. ಕಡೆಗೆ ಆ ಸಂಸ್ಥೆಗೆ ಆಯ್ಕೆಗಾಗಿ ಬಂದ ಕಂಪನಿಗಳೂ ಬೆರಳೆಣಿಕೆಯಷ್ಟು. ಒಂದು ವರ್ಷ ಅಲೆದು ತಾನೇ ಕೆಲಸ ಹುಡುಕಿಕೊಂಡಳು. ಈಗ ಚೆನ್ನಾಗಿದ್ದಾಳೆ. ಒಮ್ಮೆ ಮಾತ್ರ ಹೇಳಿದಳು: "ಅಪ್ಪಾ, ನೀವು ಶುಲ್ಕದ ಲೆಕ್ಕ ಹಾಕಿದಿರಿ. ಪತ್ರದ ಎರಡನೆಯ ಪುಟ ಓದಲಿಲ್ಲ."

ಇತರರ ಸಾಲದ ಕಾಗದವನ್ನು ಸಾಲುಸಾಲಾಗಿ ಓದುತ್ತಿದ್ದವನು ಮಗಳ ಕಾಗದವನ್ನು ಓದಲಿಲ್ಲ. ಎರಡೂ ಕಡೆಯಿಂದ ತಪ್ಪಿದವನ ಬಳಿಗೆ ಆ ತಂದೆ "ನೀವು ಹೇಳಿದಲ್ಲಿ ಸಹಿ ಹಾಕುವವ" ಎಂದು ಬಂದಿದ್ದರು.

ಬಂಧುಗಳೇ, ಒಂದು ಮನೆಯ ಮೇಜಿನ ಮೇಲೆ ಇಂಥ ಎರಡು ಪತ್ರಗಳು ಬಂದು ಬೀಳುವುದರ ಹಿಂದೆ ಒಂದು ಚರಿತ್ರೆಯಿದೆ. ಅದರಲ್ಲಿ ನಮ್ಮ ಕರಾವಳಿಯವರ ಪಾತ್ರವೂ ಸಣ್ಣದಲ್ಲ. ಅಮ್ಮೆಂಬಳ ಸುಬ್ಬರಾವ್ ಪೈಯವರು 1891ರಲ್ಲಿ ಮಂಗಳೂರಿನಲ್ಲಿ ಕೆನರಾ ಹೈಸ್ಕೂಲನ್ನು ಕಟ್ಟಿದರು. 1906ರಲ್ಲಿ, ಇಂದು ಕೆನರಾ ಬ್ಯಾಂಕ್ ಎನಿಸಿರುವ ನಿಧಿಯನ್ನು ಸ್ಥಾಪಿಸಿದರು. ಶಾಲೆಯೂ ಬ್ಯಾಂಕೂ ಒಂದೇ ಕೈಯಿಂದ ಹುಟ್ಟಿದವು. 1925ರಲ್ಲಿ ಉಡುಪಿಯಲ್ಲಿ ಆರಂಭವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ತಂದಿತು. ದಿನಕ್ಕೆ ಎರಡಾಣೆ ಉಳಿಸಬಲ್ಲವನ ಮನೆಬಾಗಿಲಿಗೂ ಬ್ಯಾಂಕಿನ ಏಜೆಂಟನೇ ಹೋಗುತ್ತಿದ್ದ. ಅದೇ ಬ್ಯಾಂಕಿನ ಸ್ಥಾಪಕರಲ್ಲೊಬ್ಬರಾದ ಟಿ.ಎಂ.ಎ. ಪೈಯವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ತೆರೆದು, ಸರಕಾರವನ್ನು ಕಾಯದೆ ಖಾಸಗಿಯಾಗಿಯೇ ಉನ್ನತ ಶಿಕ್ಷಣ ನೀಡಬಹುದೆಂದು ತೋರಿಸಿದರು. ಬಡವನ ಎರಡಾಣೆಯನ್ನು ಒಟ್ಟುಮಾಡಿದ ಕೈಯೇ, ಓದುವವನೇ ವೆಚ್ಚ ಭರಿಸುವ ಕಾಲೇಜನ್ನೂ ಕಟ್ಟಿತು. ಇದರಲ್ಲಿ ವಿರೋಧವಿದೆಯೆಂದು ನಾನು ಹೇಳುತ್ತಿಲ್ಲ. ಆದರೆ ಎರಡನೆಯದು ಬೆಳೆದಷ್ಟು ಮೊದಲನೆಯದರ ವಿವೇಕ ಬೆಳೆಯಲಿಲ್ಲವೆಂಬುದು ನನ್ನ ಕೊರಗು.

ಶುಲ್ಕದ ಮೇಲೆ ಅಂಕುಶ ಹಾಕುವ ಯತ್ನಗಳೂ ನಡೆದವು. ಕರ್ನಾಟಕವು 1984ರಲ್ಲಿ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾನೂನು ಮಾಡಿತು. ಸರ್ವೋಚ್ಚ ನ್ಯಾಯಾಲಯವು 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ, 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿ ಒಂದು ನಿಲುವನ್ನು ತಾಳಿತು, 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠವು ಖಾಸಗಿ ಸಂಸ್ಥೆಗಳಿಗೆ ತಮ್ಮ ಶುಲ್ಕವನ್ನು ತಾವೇ ಗೊತ್ತುಮಾಡುವ ಹೆಚ್ಚಿನ ಸ್ವಾತಂತ್ರ್ಯವನ್ನು ಮನ್ನಿಸಿತು, ಲಾಭಕೋರತನ ಮತ್ತು ಕ್ಯಾಪಿಟೇಶನ್ ಶುಲ್ಕ ಕೂಡದೆಂಬ ಕಟ್ಟಳೆಯೊಡನೆ. ನಮ್ಮ ಪ್ರಸ್ತುತ ವಿಷಯವಾದ ವ್ಯವಹಾರ ಶಿಕ್ಷಣಕ್ಕೆ ಬಂದರೆ, 2004ರ ಫೆಬ್ರವರಿಯಲ್ಲಿ ಅಂದಿನ ಮಾನವ ಸಂಪನ್ಮೂಲ ಸಚಿವ ಮುರಳಿ ಮನೋಹರ ಜೋಶಿಯವರು ಐ.ಐ.ಎಂ.ಗಳ ವಾರ್ಷಿಕ ಶುಲ್ಕವನ್ನು ಒಂದೂವರೆ ಲಕ್ಷದಿಂದ 30,000 ರೂಪಾಯಿಗೆ ಇಳಿಸಲು ಆದೇಶಿಸಿದರು. ಸಂಸ್ಥೆಗಳ ಸ್ವಾಯತ್ತತೆಯ ಹೆಸರಿನಲ್ಲಿ ದೊಡ್ಡ ಕೋಲಾಹಲವಾಯಿತು. ಅದೇ ವರ್ಷ ಸರಕಾರ ಬದಲಾಗಿ ಆದೇಶ ಬಿದ್ದುಹೋಯಿತು. ಶುಲ್ಕ ಹೆಚ್ಚಾದರೇನು, ಬ್ಯಾಂಕುಗಳು ಸಾಲ ಕೊಡುತ್ತವಲ್ಲ ಎಂಬ ವಾದವನ್ನು ಅಂದು ನಾನೂ ಹುರುಪಿನಿಂದ ಮಾಡಿದ್ದೆ. ಇಂದು ಹಳೆಯ ಐ.ಐ.ಎಂ.ಗಳ ಎರಡು ವರ್ಷದ ಶುಲ್ಕ 20 ಲಕ್ಷವನ್ನು ದಾಟಿದೆ. ಅಲ್ಲಿ ಓದಿದವರು ಆ ಸಾಲವನ್ನು ತೀರಿಸಬಲ್ಲರು, ನಿಜ. ಆದರೆ ಆ ಶುಲ್ಕವನ್ನು ಕಂಡು, ಅಂಥ ಹೆಸರಾಗಲಿ ಅಂಥ ನೌಕರಿಗಳಾಗಲಿ ಇಲ್ಲದ ಸಂಸ್ಥೆಗಳೂ ಅಷ್ಟೇ ಶುಲ್ಕವನ್ನು ಕೇಳತೊಡಗಿವೆ. ಅಪಾಯವಿರುವುದು ಅಲ್ಲಿ.

ಈಗ ಆ ಹುಡುಗಿಯ ಲೆಕ್ಕಕ್ಕೆ ಬರೋಣ. ವರ್ಷಕ್ಕೆ 10 ಲಕ್ಷದಂತೆ 20 ಲಕ್ಷ ಸಾಲ, ಶೇಕಡಾ 10ರ ಬಡ್ಡಿ ಎಂದಿಟ್ಟುಕೊಳ್ಳಿ. ಓದುವ ಎರಡು ವರ್ಷ, ಆಮೇಲಿನ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಆದರೆ ಬಡ್ಡಿ ಮಲಗುವುದಿಲ್ಲ. ಮೂರು ವರ್ಷದ ಕೊನೆಗೆ ಸರಳ ಬಡ್ಡಿಯಲ್ಲೇ ಸಾಲ 25 ಲಕ್ಷವಾಗಿರುತ್ತದೆ. ಅದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 33,000 ರೂಪಾಯಿ ಕಂತು. ಒಟ್ಟು ಕಟ್ಟುವ ಹಣ 39 ಲಕ್ಷ ಮೀರುತ್ತದೆ. ಪತ್ರದಲ್ಲಿ ಬರೆದಿರುವುದು 18 ಲಕ್ಷ. ಮನೆಯಿಂದ ಹೋಗುವುದು ಅದರ ಎರಡರಷ್ಟಕ್ಕಿಂತ ಹೆಚ್ಚು. ಎರಡಾಣೆಯ ಲೆಕ್ಕವನ್ನು ಜಗತ್ತಿಗೆ ಕಲಿಸಿದ ಊರಿನವರು ಈ ಲೆಕ್ಕವನ್ನು ಹಾಕದೆ ಸಹಿ ಮಾಡಬಾರದು.

ಲೆಕ್ಕದ ಇನ್ನೊಂದು ಮಗ್ಗುಲು ಆದಾಯ. ಸಂಸ್ಥೆಗಳ ಕರಪತ್ರದಲ್ಲಿ ಅತ್ಯಧಿಕ ಸಂಬಳ ದಪ್ಪ ಅಕ್ಷರದಲ್ಲಿರುತ್ತದೆ, ಸರಾಸರಿ ಸಂಬಳ ಅದರ ಕೆಳಗಿರುತ್ತದೆ. ಎರಡನ್ನೂ ನಂಬಬೇಡಿ. ಹತ್ತು ಮಕ್ಕಳಲ್ಲಿ ಒಂಬತ್ತು ಮಂದಿಗೆ ವರ್ಷಕ್ಕೆ 6 ಲಕ್ಷ, ಒಬ್ಬನಿಗೆ 50 ಲಕ್ಷ ಬಂದರೆ ಸರಾಸರಿ 10 ಲಕ್ಷದ 40 ಸಾವಿರವಾಗುತ್ತದೆ. ಅಷ್ಟು ಸಂಬಳ ಪಡೆದವರು ಆ ಹತ್ತು ಮಂದಿಯಲ್ಲಿ ಒಬ್ಬರೂ ಇಲ್ಲ! ಎಲ್ಲರನ್ನೂ ಸಂಬಳದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಡುವೆ ನಿಲ್ಲುವವನ ಸಂಬಳವೆಷ್ಟು ಎಂದು ಕೇಳಿ. ನೌಕರಿಯೇ ಸಿಗದವರನ್ನೂ ಆ ಸಾಲಿನಲ್ಲಿ ನಿಲ್ಲಿಸಿದ್ದಾರೆಯೇ ಎಂದು ಕೇಳಿ. ವರ್ಷಕ್ಕೆ 6 ಲಕ್ಷವೆಂದು ಹೇಳುವ ನೌಕರಿಯಲ್ಲಿ ಭವಿಷ್ಯನಿಧಿ ಮೊದಲಾದುವು ಕಳೆದು ತಿಂಗಳಿಗೆ ಕೈಗೆ ಬರುವುದು 45,000ಕ್ಕಿಂತ ಹೆಚ್ಚಿರದು. ಅದರಲ್ಲಿ 33,000 ಕಂತಿಗೆ ಹೋದರೆ, 2009ರ ಆ ಹುಡುಗನ ಕಥೆಯೇ ಮರುಕಳಿಸುತ್ತದೆ.

ನನ್ನ ಮಟ್ಟಿಗೆ ಒಂದು ಕಟ್ಟಳೆ ಮಾಡಿಕೊಂಡಿದ್ದೇನೆ. ನಡುವೆ ನಿಂತವನ ಕೈಗೆ ಬರುವ ಸಂಬಳದ ಮೂರನೆಯ ಒಂದು ಪಾಲಿನೊಳಗೆ ಕಂತು ಇರುವುದಾದರೆ ದುಬಾರಿ ಸಂಸ್ಥೆಗೆ ಹೆದರಬೇಕಾಗಿಲ್ಲ. ಸಾಲ ಪಾಪವಲ್ಲ. ಒಳ್ಳೆಯ ಸಂಸ್ಥೆಯಲ್ಲಿ ಸಿಗುವ ಸಹಪಾಠಿಗಳು, ಅಧ್ಯಾಪಕರು, ಅಲ್ಲಿ ಓದಿ ಹೋದವರ ಬಳಗ, ಇವೆಲ್ಲ ನಿಜವಾದ ಸಂಪತ್ತು. ಹಳ್ಳಿಯಿಂದ, ಚಾಳಿನಿಂದ ಬಂದ ಮಗುವಿಗೆ ಅದು ಇನ್ನೂ ದೊಡ್ಡದು, ಏಕೆಂದರೆ ಅದರ ಮನೆಯಲ್ಲಿ ಅಂಥ ಪರಿಚಯಗಳಿಲ್ಲ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಂತು ಆ ಮಿತಿಯನ್ನು ಮೀರಿದರೆ, ಮಗು ಮುಂದಿನ ಹತ್ತು ವರ್ಷ ತನಗೆ ಬೇಕಾದ ಕೆಲಸವನ್ನಲ್ಲ, ಕಂತಿಗೆ ಬೇಕಾದ ಕೆಲಸವನ್ನು ಮಾಡುತ್ತದೆ. ವಿದ್ಯಾರ್ಥಿವೇತನದ ನಿಜವಾದ ಬೆಲೆ ಇರುವುದು ಇಲ್ಲಿಯೇ. ಅದು ಉಳಿಸುವುದು ಹಣವನ್ನಷ್ಟೇ ಅಲ್ಲ. ಇಪ್ಪತ್ತೈದನೆಯ ವಯಸ್ಸಿನಲ್ಲಿ ಒಂದು ಕೆಲಸವನ್ನು "ಒಲ್ಲೆ" ಎನ್ನುವ ಸ್ವಾತಂತ್ರ್ಯವನ್ನು ಅದು ಉಳಿಸುತ್ತದೆ.

ಹಾಗೆಂದು ವಿದ್ಯಾರ್ಥಿವೇತನವೆಂಬ ಪದಕ್ಕೆ ಮರುಳಾಗಬಾರದು. ಶುಲ್ಕವನ್ನು ಮೊದಲು ಏರಿಸಿ, ಆಮೇಲೆ ಒಂದಷ್ಟನ್ನು ಇಳಿಸಿ, ಆ ಇಳಿಕೆಗೆ ವಿದ್ಯಾರ್ಥಿವೇತನವೆಂಬ ಗೌರವದ ಹೆಸರಿಡುವುದೂ ಉಂಟು. ಆದುದರಿಂದ ಬಿಟ್ಟದ್ದೆಷ್ಟು ಎಂಬುದಕ್ಕಿಂತ ಕಟ್ಟಬೇಕಾದ್ದೆಷ್ಟು ಎಂಬುದನ್ನು ನೋಡಿ. ಎರಡು ವರ್ಷಕ್ಕೂ ಇದೆಯೇ, ಎಷ್ಟು ಅಂಕ ಉಳಿಸಿಕೊಳ್ಳಬೇಕು, ಕಾಯಿಲೆ ಬಿದ್ದರೆ ಏನು, ಹಿಂದಿನ ವರ್ಷ ಎಷ್ಟು ಮಕ್ಕಳು ಅದನ್ನು ಕಳೆದುಕೊಂಡರು, ಎಂದು ಬರಹದಲ್ಲಿ ಕೇಳಿ. ನಾನು ಓದದೆ ಬಿಟ್ಟ ಎರಡನೆಯ ಪುಟ ಅದು.

ದುಬಾರಿ ಸಂಸ್ಥೆಯನ್ನೂ ಕೇಳಲು ಸಂಕೋಚ ಬೇಡ. ಕುಟುಂಬದ ವರಮಾನವನ್ನು ನೋಡಿ ಶುಲ್ಕ ಕಡಿಮೆ ಮಾಡುವ ವ್ಯವಸ್ಥೆ ಅನೇಕ ಕಡೆ ಇದೆ. ಕೇಳಿದವರಿಗೆ ಮಾತ್ರ ಗೊತ್ತಾಗುತ್ತದೆ. ಕೇಂದ್ರ ಸರಕಾರವು 2024ರ ನವೆಂಬರದಲ್ಲಿ ಮಂಜೂರು ಮಾಡಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಸಂಸ್ಥೆಗಳಿಗೆ ಸೇರುವವರಿಗೆ ಒತ್ತೆಯಾಗಲಿ ಜಾಮೀನಾಗಲಿ ಇಲ್ಲದೆ ಸಾಲ ದೊರೆಯುತ್ತದೆ. ಮಂಜೂರಾದಾಗ ಅಂಥ ಸಂಸ್ಥೆಗಳು 860. ನಿಮ್ಮ ಸಂಸ್ಥೆ ಆ ಪಟ್ಟಿಯಲ್ಲಿದೆಯೇ ನೋಡಿ. ಇದ್ದರೆ ಡೊಂಬಿವಲಿಯ ಆ ಕೋಣೆಯನ್ನು ಒತ್ತೆಯಿಡುವ ಪ್ರಶ್ನೆಯೇ ಏಳುವುದಿಲ್ಲ. ಮುಂಗಡ ಶುಲ್ಕ ಕಟ್ಟಿಬಿಟ್ಟೆವು, ಇನ್ನು ಬಿಡುವಂತಿಲ್ಲ ಎಂದು ಕೈಚೆಲ್ಲುವವರಿಗೆ ಇನ್ನೊಂದು ಮಾತು. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ಅಧಿಸೂಚನೆಯ ಪ್ರಕಾರ, ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕಿಂತ ಮೊದಲು ಬಿಟ್ಟರೆ, ಹೆಚ್ಚೆಂದರೆ 5,000 ರೂಪಾಯಿ ಮುರಿದುಕೊಂಡು ಉಳಿದ ಶುಲ್ಕವನ್ನು ವಿಶ್ವವಿದ್ಯಾಲಯಗಳು ಹಿಂದಿರುಗಿಸಬೇಕು. ಮೂಲ ಪ್ರಮಾಣಪತ್ರಗಳನ್ನು ತಮ್ಮಲ್ಲಿ ಇಟ್ಟುಕೊಳ್ಳುವಂತಿಲ್ಲ.

ಎರಡು ಪತ್ರಗಳ ನಡುವೆ ಮೂರನೆಯ ದಾರಿಯೂ ಇದೆಯೆಂಬುದನ್ನು ನಾವು ಮರೆಯುತ್ತೇವೆ. ಇದೇ ಮುಂಬಯಿಯಲ್ಲಿ 1913ರಿಂದ ಸಿಡೆನ್‌ಹ್ಯಾಮ್ ವಾಣಿಜ್ಯ ಕಾಲೇಜಿದೆ. 1965ರಲ್ಲಿ ವಿಶ್ವವಿದ್ಯಾಲಯವೇ ಸ್ಥಾಪಿಸಿದ ಜಮ್ನಾಲಾಲ್ ಬಜಾಜ್ ಸಂಸ್ಥೆಯಿದೆ. ಸಾರ್ವಜನಿಕ ಹಣದಿಂದ ಬೆಳೆದ ಇಂಥ ಸಂಸ್ಥೆಗಳ ಶುಲ್ಕ ದುಬಾರಿ ಖಾಸಗಿ ವಿದ್ಯಾಪೀಠಗಳದ್ದಕ್ಕಿಂತ ಬಹಳ ಕಡಿಮೆ, ಹೆಸರು ಕಡಿಮೆಯಲ್ಲ. ಪ್ರವೇಶ ಪರೀಕ್ಷೆ ಕಠಿಣ, ಸ್ಪರ್ಧೆ ಹೆಚ್ಚು. ಆದರೆ ಮೊದಲೇ ತಯಾರಿ ಮಾಡಿದ ಮಗುವಿಗೆ ಅದು ಎಟುಕದ ಹಣ್ಣಲ್ಲ. ನಮ್ಮ ಹುಡುಗಿಗೆ ಈ ವರ್ಷ ಅದು ಸ್ವಲ್ಪದರಲ್ಲಿ ತಪ್ಪಿತು. ತಮ್ಮ ತಂಗಿಯರಿಗೆ ತಪ್ಪದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಕೊನೆಯದಾಗಿ ಸಂಘಕ್ಕೆ ಒಂದು ವಿನಂತಿ. ನಾವು ವರ್ಷಂಪ್ರತಿ ನೂರಾರು ಮಕ್ಕಳಿಗೆ ಎರಡು ಸಾವಿರ, ಮೂರು ಸಾವಿರದ ಚೆಕ್ಕು ಕೊಟ್ಟು, ಹೂ ಕೊಟ್ಟು, ಫೋಟೋ ತೆಗೆಸಿಕೊಳ್ಳುತ್ತೇವೆ. ಅದು ಪ್ರೋತ್ಸಾಹ, ನಿಲ್ಲುವುದು ಬೇಡ. ಆದರೆ 20 ಲಕ್ಷದ ಪ್ರಶ್ನೆಗೆ ಅದು ಉತ್ತರವಲ್ಲ. ಈ ಸಭೆಯಲ್ಲಿ ನಿವೃತ್ತ ಬ್ಯಾಂಕ್ ನೌಕರರು ಎಷ್ಟು ಮಂದಿ ಇದ್ದೀರಿ, ಸುಮ್ಮನೆ ಒಮ್ಮೆ ಸುತ್ತ ನೋಡಿ. 2019ರಲ್ಲಿ ವಿಜಯಾ ಬ್ಯಾಂಕು, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಶನ್ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ಲೀನವಾದಾಗ ನಾವು ಕಣ್ಣೀರು ಹಾಕಿದೆವು. ಹೆಸರುಗಳು ಹೋದವು, ಕಲಿತ ವಿದ್ಯೆ ಎಲ್ಲಿಗೂ ಹೋಗಿಲ್ಲ. ಮಾರ್ಚಿಯಿಂದ ಜುಲೈವರೆಗೆ ತಿಂಗಳಿಗೆ ಎರಡು ಭಾನುವಾರ ಸಂಘದ ಕಚೇರಿಯಲ್ಲಿ ನಮ್ಮಲ್ಲಿ ಇಬ್ಬರು ಕುಳಿತು, ಬಂದವರ ಪತ್ರಗಳ ಎರಡನೆಯ ಪುಟ ಓದಿ ಹೇಳಿದರೆ ಸಾಕು. ಅದರ ಜೊತೆಗೆ, ಮುಂಗಡ ಶುಲ್ಕ ಕಟ್ಟಲು ಬಡ್ಡಿಯಿಲ್ಲದ ಒಂದು ಸಣ್ಣ ಕೈಗಡ ನಿಧಿ ಇದ್ದರೆ, ವಿದ್ಯಾರ್ಥಿವೇತನದ ಫಲಿತಾಂಶ ಬರುವ ಮೊದಲೇ ಅವಸರದಲ್ಲಿ ಸಾಲಕ್ಕೆ ಸಹಿ ಮಾಡುವುದು ತಪ್ಪುತ್ತದೆ. ಆ ನಿಧಿಗೆ ನನ್ನ ಒಂದು ತಿಂಗಳ ಪಿಂಚಣಿಯನ್ನು ಇಂದೇ ಅಧ್ಯಕ್ಷರ ಕೈಗೆ ಒಪ್ಪಿಸುತ್ತೇನೆ.

ಆ ಹುಡುಗಿ ಏನು ಮಾಡಿದಳು ಎಂದು ನೀವು ಕೇಳಬಹುದು. ಅವಳು ಎರಡೂ ಸಂಸ್ಥೆಗಳಿಗೆ ಬರೆದಳು. ಕಾಯಿಲೆಯ ಕಾರಣಕ್ಕೆ ಅಂಕ ಇಳಿದರೆ ಒಂದು ಸೆಮಿಸ್ಟರು ಅವಕಾಶ ಕೊಡುತ್ತೇವೆಂದು ಕರಾವಳಿಯ ಸಂಸ್ಥೆ ಲಿಖಿತವಾಗಿ ಉತ್ತರಿಸಿತು. ಹಿಂದಿನ ವರ್ಷ ನೌಕರಿ ಪಡೆದವರ ಸಂಬಳದ ಪಟ್ಟಿಯನ್ನೂ ಕಳಿಸಿತು. ಸಂಬಳ ದೊಡ್ಡದಲ್ಲ, ಆದರೆ ಪಟ್ಟಿ ಪೂರ್ತಿಯಾಗಿತ್ತು. ದುಬಾರಿ ಸಂಸ್ಥೆ ಇನ್ನೊಂದು ಬಣ್ಣದ ಕರಪತ್ರ ಕಳಿಸಿತು. ನಡುವೆ ನಿಂತವನ ಸಂಬಳ ಅದರಲ್ಲಿ ಇರಲಿಲ್ಲ.

ನಿನ್ನೆ ಸಂಜೆ ಅವಳು ಫೋನ್ ಮಾಡಿ, "ಮಾಮಾ, ನೀವಾಗಿದ್ದರೆ ಎಲ್ಲಿಗೆ ಹೋಗುತ್ತಿದ್ದಿರಿ?" ಎಂದು ಕೇಳಿದಳು. ಈ ಬಾರಿ ತಪ್ಪಿಸಿಕೊಳ್ಳಲಿಲ್ಲ. "ಕೇಳಿದ್ದಕ್ಕೆ ಬರಹದಲ್ಲಿ ಉತ್ತರ ಕೊಟ್ಟವರ ಕಡೆಗೆ ಹೋಗುತ್ತಿದ್ದೆ ಮಗಳೇ. ಇನ್ನೊಬ್ಬರ ಉತ್ತರದಲ್ಲಿ ಕಂತಿಗೆ ತಕ್ಕ ಸಂಬಳ ಕಂಡಿದ್ದರೆ ನಿನ್ನ ಸಾಲದ ಅರ್ಜಿಯನ್ನು ನಾನೇ ತುಂಬಿಕೊಡುತ್ತಿದ್ದೆ. ಆದರೆ ನಿರ್ಧಾರ ನಿನ್ನದು, ನನ್ನ ಮಗಳಿಗೆ ಮಾಡಿದಂತೆ ನಿನಗೆ ಒತ್ತಾಯ ಮಾಡಲಾರೆ" ಎಂದೆ. ಬುಧವಾರ ಕೊನೆಯ ದಿನ. ಅಂದು ಅವಳ ತಂದೆ ಯಾವ ಕಾಗದಕ್ಕೆ ಸಹಿ ಹಾಕಿದರೂ, ಅದರ ಎರಡೂ ಪುಟಗಳನ್ನು ಓದಿಯೇ ಹಾಕುತ್ತಾರೆ ಎಂಬ ಭರವಸೆ ನನಗಿದೆ.

ಇಂದು ವಿದ್ಯಾರ್ಥಿವೇತನ ಪಡೆಯುವ ಮಕ್ಕಳೆಲ್ಲರಿಗೂ ಒಳ್ಳೆಯದಾಗಲಿ.